ಹಿತ್ತಲ ಬಾತು ಮತ್ತು ಕೋಳಿಗಳ ಗೂಡಿಗೆ ಹಾಸು: ಆಯ್ಕೆಯಿಂದ ಗೊಬ್ಬರದವರೆಗೆ

ಗೂಡಿನ ನೆಲಕ್ಕೆ ಹರಡುವ ಹಾಸಿನ ಮೊದಲ ಕೆಲಸ ನೀರನ್ನು ನಿಭಾಯಿಸುವುದು. ಕಾಲಿಗೆ ಮೆತ್ತಗಿರುವುದು, ಚಳಿಯಲ್ಲಿ ಬೆಚ್ಚಗಿಡುವುದು, ಮೊಟ್ಟೆ ಒಡೆಯದಂತೆ ಕಾಯುವುದು ಇವೆಲ್ಲ ಆಮೇಲಿನ ಮಾತು. ಹಿಕ್ಕೆಯಲ್ಲಿರುವ ನೀರು, ಕುಡಿಯುವಾಗ ಚೆಲ್ಲಿದ ನೀರು, ಉಸಿರಿನ ತೇವ, ಮಳೆಯ ಎರಚಲು ಎಲ್ಲವೂ ಕೊನೆಗೆ ಬಂದು ಸೇರುವುದು ಹಾಸಿಗೇ. ಈ ನೀರನ್ನು ಹೀರಿಕೊಂಡು, ಮತ್ತೆ ನಿಧಾನವಾಗಿ ಗಾಳಿಗೆ ಬಿಟ್ಟುಕೊಡುವ ವಸ್ತು ಒಳ್ಳೆಯ ಹಾಸು. ಹೀರಿದ್ದನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ವಸ್ತುವಿಗೂ, ಹೀರದೆಯೇ ಕೆಳಗೆ ಇಳಿಯಬಿಡುವ ವಸ್ತುವಿಗೂ ಗೂಡಿನಲ್ಲಿ ಜಾಗವಿದೆ, ಆದರೆ ಅವುಗಳನ್ನು ಎಲ್ಲಿ ಹಾಕಬೇಕೆಂದು ತಿಳಿದು ಹಾಕಬೇಕಾಗುತ್ತದೆ. ಆದ್ದರಿಂದ ಯಾವ ಹಾಸು ಉತ್ತಮವೆಂದು ಕೇಳುವ ಮುನ್ನ, ನಮ್ಮ ಗೂಡಿಗೆ ನೀರು ಎಲ್ಲಿಂದ ಬರುತ್ತಿದೆ, ಅದು ಹೊರಹೋಗಲು ದಾರಿ ಇದೆಯೇ ಎಂಬುದನ್ನು ನೋಡಿಕೊಳ್ಳುವುದು ಸರಿಯಾದ ಕ್ರಮ.

ಮೊದಲ ಹೆಜ್ಜೆ: ಹಕ್ಕಿಯ ನಡವಳಿಕೆಯನ್ನು ಗಮನಿಸುವುದು

ಕೋಳಿಯ ಹಿಕ್ಕೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರಿದ್ದರೆ, ಬಾತಿನ ಹಿಕ್ಕೆಯಲ್ಲಿ ನೀರಿನ ಪ್ರಮಾಣ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಬಾತು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ, ಜೊತೆಗೆ ಕೊಕ್ಕು ತೊಳೆಯುವಾಗ, ಮೂಗಿನ ಹೊಳ್ಳೆ ಸ್ವಚ್ಛಮಾಡಿಕೊಳ್ಳುವಾಗ, ಪುಕ್ಕ ನೇವರಿಸುವಾಗ ಸುತ್ತಲೂ ಚೆಲ್ಲಾಡುತ್ತದೆ. ಇದು ಅದರ ಕೆಟ್ಟ ಚಾಳಿಯಲ್ಲ, ಕಣ್ಣು ಮತ್ತು ಮೂಗು ಆರೋಗ್ಯವಾಗಿರಲು ಅದು ಮಾಡಲೇಬೇಕಾದ ಕೆಲಸ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಕಾಲುಗಳಲ್ಲಿದೆ. ಕೋಳಿ ಇಡೀ ದಿನ ಕೆದಕುತ್ತದೆ. ಹಾಗೆ ಕೆದಕುವಾಗ ಮೇಲಿನ ಹಿಕ್ಕೆ ಕೆಳಗಿಳಿದು ಕೆಳಗಿನ ತೇವದ ಹಾಸು ಮೇಲೆ ಬರುತ್ತದೆ, ಗಾಳಿ ಸೋಕಿ ಒಣಗುತ್ತದೆ. ಬಾತು ಕೆದಕುವುದಿಲ್ಲ. ಅದರ ಜಾಲಪಾದ ಹಾಸನ್ನು ತುಳಿದು ತುಳಿದು ಚಪ್ಪಟೆ ಮಾಡುತ್ತದೆ, ಹಿಕ್ಕೆ ಮೇಲ್ಪದರದಲ್ಲೇ ಉಳಿದು ಲೇಪದಂತೆ ಅಂಟಿಕೊಳ್ಳುತ್ತದೆ. ರಾತ್ರಿ ಕೋಳಿಗಳು ಕೋಲಿನ ಮೇಲೆ ಕೂತು ಮಲಗುವುದರಿಂದ ದಿನದ ಹಿಕ್ಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಆ ಕೋಲಿನ ನೇರ ಕೆಳಗೆ ಬೀಳುತ್ತದೆ. ಬಾತುಗಳು ನೆಲದಲ್ಲೇ ಎದೆಯೂರಿ ಮಲಗುತ್ತವೆ, ಹಾಗಾಗಿ ಅವುಗಳಿಗೆ ಹಾಸೆಂದರೆ ನಿಜವಾಗಿಯೂ ಹಾಸಿಗೆ. ಒಂದೇ ವಸ್ತು ಕೋಳಿಗೂಡಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿದ್ದು, ಬಾತುಗೂಡಿನಲ್ಲಿ ವಾರದೊಳಗೆ ಕೊಳೆತು ನಾರುವುದು ಈ ಕಾರಣದಿಂದಲೇ.

ಎರಡನೆಯ ಹೆಜ್ಜೆ: ನೆಲ ಮತ್ತು ಗಾಳಿ

ಗಾಳಿಯಾಡದ ಗೂಡಿನಲ್ಲಿ ಎಷ್ಟು ಒಳ್ಳೆಯ ಹಾಸು ಹಾಕಿದರೂ ಹಣ ವ್ಯರ್ಥ. ತೇವದಿಂದ ಕೂಡಿದ ಬೆಚ್ಚನೆಯ ಗಾಳಿಯೂ ಅಮೋನಿಯಾ ಅನಿಲವೂ ಮೇಲಕ್ಕೇರುವುದರಿಂದ, ಮಾಡಿನ ಹತ್ತಿರ, ಮಲಗಿದ ಹಕ್ಕಿಗಳ ತಲೆಗಿಂತ ಎತ್ತರದಲ್ಲಿ, ಜಾಲರಿ ಬಿಗಿದ ಕಿಂಡಿಗಳು ವರ್ಷವಿಡೀ ತೆರೆದಿರಬೇಕು. ಚಳಿಗಾಲದಲ್ಲಿ ಅವನ್ನು ಮುಚ್ಚಿಬಿಡುವ ಅಭ್ಯಾಸ ಹಲವರಿಗಿದೆ. ಮೈ ಒಣಗಿರುವ ಹಕ್ಕಿ ಚಳಿಯನ್ನು ಚೆನ್ನಾಗಿ ತಡೆಯುತ್ತದೆ, ತೇವದ ಗೂಡಿನಲ್ಲಿ ಕೂತ ಹಕ್ಕಿಗೆ ಅದು ಸಾಧ್ಯವಾಗುವುದಿಲ್ಲ.

ನೆಲ ಸಿಮೆಂಟಿನದಾದರೆ ತೊಳೆಯಲು ಸುಲಭ, ಆದರೆ ತಣ್ಣಗಿರುತ್ತದೆ ಮತ್ತು ಗಡುಸಾಗಿರುತ್ತದೆ, ಆದ್ದರಿಂದ ಹಾಸು ದಪ್ಪವಾಗಿರಬೇಕು. ಬಾಗಿಲಿನ ಕಡೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಟ್ಟರೆ ತೊಳೆದ ನೀರು ನಿಲ್ಲುವುದಿಲ್ಲ. ಮಣ್ಣಿನ ನೆಲ ತಾನೇ ಒಂದಿಷ್ಟು ನೀರು ಕುಡಿಯುತ್ತದೆ, ಆದರೆ ಹೆಗ್ಗಣ ಬಿಲ ತೋಡದಂತೆ ಕೆಳಗೆ ಗಟ್ಟಿ ತಂತಿಬಲೆ ಹಾಕಬೇಕು. ಹಲಗೆಯ ನೆಲವಿದ್ದರೆ, ಅದರಲ್ಲೂ ಬಾತುಗಳಿದ್ದರೆ, ಮೇಲೆ ದಪ್ಪನೆಯ ವಿನೈಲ್ ಹಾಳೆ ಹಾಸಿ ಅಂಚುಗಳನ್ನು ಗೋಡೆಯ ಮೇಲೆ ಗೇಣುದ್ದ ಹತ್ತಿಸದಿದ್ದರೆ ಹಲಗೆ ಕೊಳೆಯುವುದು ಖಚಿತ. ಬಾಗಿಲ ಹೊಸ್ತಿಲಿಗೆ 20 ಸೆಂ.ಮೀ. ಎತ್ತರದ ಹಲಗೆಯೊಂದನ್ನು ಅಡ್ಡ ನಿಲ್ಲಿಸಿದರೆ ಕೋಳಿಗಳು ಹಾಸನ್ನು ಹೊರಗೆ ಕೆದರಿ ಹಾಕುವುದು ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ವಸ್ತುವನ್ನು ಆರಿಸುವುದು

ಬಡಗಿಯ ಹತ್ತರಿಯಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ತೆಳು ಚಕ್ಕೆ ಹೆಚ್ಚಿನ ಗೂಡುಗಳಿಗೆ ಹೊಂದುತ್ತದೆ. ಅದು ನೀರು ಹೀರುತ್ತದೆ, ಸುರುಳಿಗಳ ನಡುವೆ ಗಾಳಿಯಾಡುವುದರಿಂದ ಒಣಗುತ್ತದೆ, ಕೋಳಿಗಳು ಸುಲಭವಾಗಿ ಕೆದಕಬಲ್ಲವು. ಪೈನ್‌ನಂಥ ಮೆದು ಮರದ, ಒಣಗಿಸಿದ ಚಕ್ಕೆ ಉತ್ತಮ. ಹಸಿ ಮರದ ಚಕ್ಕೆಯಲ್ಲಿ ಮೊದಲೇ ತೇವವಿರುವುದರಿಂದ ಅದು ಹೀರುವುದೂ ಕಡಿಮೆ, ಬೂಷ್ಟು ಹಿಡಿಯುವುದೂ ಬೇಗ. ಸೆಡಾರ್ ಮರದ ಚಕ್ಕೆಯ ಸುವಾಸನೆ ನಮಗೆ ಹಿತವಾದರೂ, ಆ ವಾಸನೆಗೆ ಕಾರಣವಾದ ಎಣ್ಣೆಗಳು ಮುಚ್ಚಿದ ಜಾಗದಲ್ಲಿ ಹಕ್ಕಿಗಳ ಉಸಿರಾಟದ ನಾಳವನ್ನು ಕೆರಳಿಸುತ್ತವೆ, ಆದ್ದರಿಂದ ಅದನ್ನು ಬಿಟ್ಟುಬಿಡುವುದು ಲೇಸು.

ಗರಗಸದ ಹೊಟ್ಟು ಬೇರೆ ವಸ್ತು. ಅದು ಚಕ್ಕೆಗಿಂತ ಹೆಚ್ಚು ನೀರು ಹೀರುತ್ತದೆ, ಆದರೆ ಒಣಗಿದಾಗ ಧೂಳೇಳುತ್ತದೆ, ನೆನೆದಾಗ ಹೆಂಟೆ ಕಟ್ಟುತ್ತದೆ, ಮರಿಗಳು ಅದನ್ನು ಮೇವೆಂದು ನುಂಗುತ್ತವೆ. ಒಂಟಿಯಾಗಿ ಬಳಸುವುದಕ್ಕಿಂತ ಬಾತುಗೂಡಿನ ತಳಪದರಕ್ಕೆ ಇದು ಸರಿಹೋಗುತ್ತದೆ. ಒಲೆಗೆ ಅಥವಾ ಕುದುರೆಲಾಯಕ್ಕೆ ಬಳಸುವ, ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್‌ಗಳೂ ಇದೇ ಕೆಲಸವನ್ನು ಮಾಡುತ್ತವೆ. ನೀರು ತಾಗಿದ ಕೂಡಲೇ ಅವು ಉಬ್ಬಿ ಪುಡಿಯಾಗುತ್ತವೆ. ಹರಡಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಪುಡಿಯಾಗಿಸಿಕೊಂಡರೆ ಹಕ್ಕಿಗಳು ಅದನ್ನು ಮೇವಿನ ಗುಳಿಗೆಯೆಂದು ನುಂಗುವುದಿಲ್ಲ. ಕೊಳ್ಳುವಾಗ ಅಂಟು, ಮೇಣ ಅಥವಾ ಬೆಂಕಿ ಹತ್ತಿಸುವ ದ್ರವ ಬೆರೆಸಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಮೈ ನುಣುಪು. ಅದು ನೀರನ್ನು ಹೆಚ್ಚು ಹೀರುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ, ಸಡಿಲವಾಗಿಯೇ ಉಳಿಯುತ್ತದೆ. ಕೋಳಿಗಳಿಗೆ ಇದು ಬಹಳ ಒಳ್ಳೆಯ ಹಾಸು, ಏಕೆಂದರೆ ಕೆದಕಿದಷ್ಟೂ ಒಣಗುತ್ತದೆ. ಬಾತುಗೂಡಿನಲ್ಲಿ ಮಾತ್ರ ಇದು ಮೋಸ ಮಾಡುತ್ತದೆ. ಮೇಲಿನಿಂದ ಒಣಗಿದಂತೆ ಕಾಣುವ ಹೊಟ್ಟಿನ ಕೆಳಗೆ ಕೈ ಹಾಕಿದರೆ ಇಳಿದ ನೀರೆಲ್ಲ ನೆಲದ ಮೇಲೆ ನಿಂತು ರೊಜ್ಜಾಗಿರುತ್ತದೆ. ಆದ್ದರಿಂದ ಬಾತುಗಳಿಗೆ ಹೊಟ್ಟು ಹಾಕುವುದಾದರೆ ಅದರಡಿ ನೀರು ಹೀರುವ ಇನ್ನೊಂದು ಪದರ ಇರಲೇಬೇಕು.

ಒಣಹುಲ್ಲಿನ ಕಾಂಡ ಟೊಳ್ಳು, ಹೊರಮೈಯಲ್ಲಿ ಮೇಣದಂಥ ಲೇಪವಿದೆ. ಉದ್ದವಾಗಿಯೇ ಹಾಸಿದರೆ ಅದು ನೀರು ಹೀರುವುದಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ತೇಲುವ ಚಾಪೆಯಾಗುತ್ತದೆ. ಕೋಳಿಗೂಡಿನಲ್ಲಿ ಈ ಚಾಪೆ ಹಿಕ್ಕೆಯೊಡನೆ ಬೆಸೆದುಕೊಂಡು, ತೆಗೆಯಲು ಹೋದರೆ ಇಡಿಯಾಗಿ ಮೇಲೇಳುತ್ತದೆ. ಟೊಳ್ಳು ಕಾಂಡಗಳಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ಉಣ್ಣಿಯಂಥ ಕೀಟಗಳಿಗೂ ಅದು ಮನೆಯಾಗುತ್ತದೆ. ಆದರೆ ಬಾತುಗಳಿಗೆ ಬೇಕಾದದ್ದೇ ಅಂಥ ಮೇಲ್ಪದರ. ತಳದಲ್ಲಿ ಹೀರುವ ವಸ್ತು, ಮೇಲೆ ಹುಲ್ಲು ಇದ್ದರೆ ನೀರು ಕೆಳಗಿಳಿದು ಎದೆಯ ಪುಕ್ಕ ಒಣಗಿಯೇ ಇರುತ್ತದೆ. ಹುಲ್ಲನ್ನು ಮೂರ್ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ ಹಾಕಿದರೆ ಎರಡೂ ಹಕ್ಕಿಗಳಿಗೆ ಇನ್ನೂ ಅನುಕೂಲ. ಹುಲ್ಲು ಹೊಂಬಣ್ಣದಲ್ಲಿರಬೇಕು, ಕೊಡವಿದಾಗ ಬೂದಿಯಂಥ ಧೂಳು ಏಳಬಾರದು. ಆ ಧೂಳು ಬೂಷ್ಟಿನ ಕಣ, ಅದರಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರವಿದ್ದರೆ ಹಕ್ಕಿಗಳ ಪುಪ್ಪುಸ ಮತ್ತು ಗಾಳಿಚೀಲಗಳಲ್ಲಿ ಬೆಳೆದು ಕೊಲ್ಲಬಲ್ಲದು. ಮರಿಗಳಿಗೂ ಬಾತುಗಳಿಗೂ ಈ ರೋಗದ ಭಯ ಹೆಚ್ಚು.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಇಟ್ಟಿಗೆಯ ರೂಪದಲ್ಲಿ ಸಿಗುವುದನ್ನು ನೆನೆಸಿ ಬಿಡಿಸಿದ ಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಹಾಕಿದರೆ, ನೀರು ಹೀರಬೇಕಾದ ವಸ್ತುವೇ ನೀರು ತಂದಂತಾಗುತ್ತದೆ. ಒಣಗಿಸಿದ ಪುಡಿ ಬಾತುಗೂಡಿನ ತಳಪದರಕ್ಕೆ ಹೊಂದುತ್ತದೆ, ಧೂಳಾಗುವುದರಿಂದ ಮೇಲ್ಪದರಕ್ಕೆ ಬೇಡ.

ಮರಳನ್ನು ಹೊಗಳುವವರೂ ತೆಗಳುವವರೂ ಸಮಾನವಾಗಿದ್ದಾರೆ, ಇಬ್ಬರೂ ಅರ್ಧ ಸರಿ. ತೊಳೆದ ದಪ್ಪ ಮರಳು ಕೊಳೆಯುವುದಿಲ್ಲ, ಬೇಗ ಒಣಗುತ್ತದೆ, ಕೋಳಿಯ ಹಿಕ್ಕೆಯನ್ನು ಜರಡಿ ಸಲಿಕೆಯಿಂದ ದಿನವೂ ಎತ್ತಿ ತೆಗೆಯಬಹುದು. ಬಿಸಿ ಹವೆಯಲ್ಲಿ ತಂಪಾಗಿರುತ್ತದೆ, ಚಳಿಯಲ್ಲಿ ಮಾತ್ರ ಬೆಚ್ಚಗಿಡುವುದಿಲ್ಲ. ಬಾತಿನ ನೀರು ಹಿಕ್ಕೆ ಮರಳಿನ ಸಂದುಗಳಿಗೆ ಇಳಿದುಬಿಡುವುದರಿಂದ ಎತ್ತಲು ಏನೂ ಸಿಗುವುದಿಲ್ಲ, ಕೆಲವೇ ದಿನಗಳಲ್ಲಿ ಇಡೀ ಪದರ ನಾರುತ್ತದೆ. ನುಣ್ಣನೆಯ ಮರಳಿನ ಸಿಲಿಕಾ ಧೂಳು ಯಾರ ಪುಪ್ಪುಸಕ್ಕೂ ಒಳ್ಳೆಯದಲ್ಲ.

ಉಳಿದವುಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳಬಹುದು. ಕಡಲೆಕಾಯಿ ಸಿಪ್ಪೆ ಹಗುರ ಮತ್ತು ಹೀರುವ ಗುಣದ್ದು, ಆದರೆ ಶಿಲೀಂಧ್ರದ ಭಯವಿರುವುದರಿಂದ ಗರಿಗರಿಯಾಗಿ ಒಣಗಿದ್ದನ್ನು ಮಾತ್ರ ಬಳಸಬೇಕು. ತರಗೆಲೆ ಪುಕ್ಕಟೆ ಸಿಗುತ್ತದೆ, ಪುಡಿಮಾಡಿ ಇತರ ವಸ್ತುವಿನೊಡನೆ ಬೆರೆಸಿದರೆ ಕೋಳಿಗಳು ಖುಷಿಯಿಂದ ಕೆದಕುತ್ತವೆ, ಇಡಿಯಾಗಿ ಹಾಕಿದರೆ ಎಲೆಯ ಮೇಲೆ ಎಲೆ ಅಂಟಿ ಪದರವಾಗುತ್ತದೆ. ಕಾಗದದ ಚೂರು ಅನಿವಾರ್ಯವಾದಾಗ ಮಾತ್ರ. ನಾರಿಗಾಗಿ ಬೆಳೆಯುವ ಹೆಂಪ್ ಗಿಡದ ಕಾಂಡದ ಚೂರು ಸಿಗುವ ಕಡೆ ಅದು ಚಕ್ಕೆಗೂ ಒಂದು ಕೈ ಮೇಲು, ಧೂಳು ತೀರ ಕಡಿಮೆ.

ನಾಲ್ಕನೆಯ ಹೆಜ್ಜೆ: ಬೇಡವಾದವನ್ನು ದೂರವಿಡುವುದು

ಬಣ್ಣ ಬಳಿದ ಅಥವಾ ಗೆದ್ದಲು ನಿರೋಧಕ ಹಾಕಿದ ಮರದ ಹೊಟ್ಟು, ಪ್ಲೈವುಡ್ ಪುಡಿ, ಹಳೆಯ ಕಟ್ಟಡದ ಮರದ ಚೂರು ಇವು ಗೂಡಿನೊಳಗೆ ಬರಕೂಡದು. ಮರ ಕೆಡದಂತೆ ಹಾಕುವ ಔಷಧದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಅಂಥದೇ ಇನ್ನೊಂದು ಔಷಧವಾದ ಪೆಂಟಾಕ್ಲೋರೋಫಿನಾಲ್ ಸೇರಿದ ಚಕ್ಕೆಯನ್ನು ಹಾಸಿದ ಕಡೆ, ಶಿಲೀಂಧ್ರಗಳು ಅದನ್ನು ಕ್ಲೋರೋಅನಿಸೋಲ್ ಎಂಬ ವಸ್ತುವಾಗಿ ಮಾರ್ಪಡಿಸಿ ಕೋಳಿಯ ಮಾಂಸಕ್ಕೇ ಮುಗ್ಗಲು ವಾಸನೆ ಬಂದ ಪ್ರಕರಣಗಳು ದಾಖಲಾಗಿವೆ. ಹಾಸಿನಲ್ಲಿರುವುದು ಹಕ್ಕಿಯ ಮೈಗೆ ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ನೀರು ತಾಗಿದಾಗ ಗಟ್ಟಿಯಾಗುವ ಬೆಕ್ಕಿನ ಮಣ್ಣು ಗಂಟಲ ಚೀಲದಲ್ಲಿ ಉಬ್ಬಿಕೊಳ್ಳುತ್ತದೆ. ಕೋಕೋ ಸಿಪ್ಪೆಯಲ್ಲಿರುವ ಥಿಯೋಬ್ರೋಮಿನ್ ಹಕ್ಕಿಗಳಿಗೆ ವಿಷ. ಈಗತಾನೆ ಕೊಯ್ದ ಹಸಿ ಹುಲ್ಲು ರಾಶಿಯಲ್ಲೇ ಕಾವೇರಿ ಬೂಷ್ಟು ಹಿಡಿಯುತ್ತದೆ, ಅದರ ಉದ್ದನೆಯ ಎಳೆಗಳು ಗಂಟಲ ಚೀಲದಲ್ಲಿ ಗಂಟಾಗಿ ಸಿಕ್ಕಿಕೊಳ್ಳುತ್ತವೆ.

ಐದನೆಯ ಹೆಜ್ಜೆ: ಎಷ್ಟು ಬೇಕು ಎಂಬ ಲೆಕ್ಕ

ಹಾಸನ್ನು ತೂಕದಲ್ಲಿ ಲೆಕ್ಕ ಹಾಕಬಾರದು, ಗಾತ್ರದಲ್ಲಿ ಹಾಕಬೇಕು. ಗೂಡಿನ ಒಳನೆಲ 2 ಮೀಟರ್ ಉದ್ದ, 1.5 ಮೀಟರ್ ಅಗಲ ಇದ್ದರೆ 3 ಚದರ ಮೀಟರ್ ಆಯಿತು. ಅದಕ್ಕೆ 10 ಸೆಂ.ಮೀ. ದಪ್ಪ ಹಾಸಬೇಕಾದರೆ 0.3 ಘನ ಮೀಟರ್, ಅಂದರೆ 300 ಲೀಟರ್ ಗಾತ್ರದ ಸಡಿಲ ಹಾಸು ಬೇಕು. ಅಮುಕಿ ಕಟ್ಟಿದ ಮೂಟೆ ಬಿಚ್ಚಿದಾಗ ಎರಡು ಮೂರು ಪಟ್ಟು ಹಿಗ್ಗುವುದರಿಂದ, ಮೂಟೆಯ ಮೇಲೆ ಬರೆದಿರುವುದು ಬಿಚ್ಚುವ ಮೊದಲಿನ ಅಳತೆಯೋ ನಂತರದ್ದೋ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ವಾರಕ್ಕೋ ಹದಿನೈದು ದಿನಕ್ಕೋ ಪೂರ್ತಿ ಬದಲಾಯಿಸುವ ಕೋಳಿಗೂಡಿಗೆ 5ರಿಂದ 8 ಸೆಂ.ಮೀ. ಸಾಕು. ಬಾತುಗೂಡಿಗೆ ತಳಪದರ 5 ಸೆಂ.ಮೀ., ಅದರ ಮೇಲೆ ಹುಲ್ಲು 8ರಿಂದ 10 ಸೆಂ.ಮೀ. ಇರಲಿ, ಹುಲ್ಲು ಒಂದೇ ರಾತ್ರಿಯಲ್ಲಿ ತುಳಿತಕ್ಕೆ ಅರ್ಧವಾಗುತ್ತದೆ.

ಹಕ್ಕಿಗಳ ಸಂಖ್ಯೆಯೂ ಈ ಲೆಕ್ಕದ ಭಾಗ. ಕೋಳಿಯೊಂದಕ್ಕೆ ಗೂಡಿನೊಳಗೆ ಸುಮಾರು 0.35 ಚದರ ಮೀಟರ್, ಬಾತಿಗೆ ಸುಮಾರು ಅರ್ಧ ಚದರ ಮೀಟರ್ ಸಿಗದಿದ್ದರೆ ಬರುವ ತೇವಕ್ಕೆ ಯಾವ ಹಾಸೂ ಸಾಟಿಯಾಗದು.

ಆರನೆಯ ಹೆಜ್ಜೆ: ನೀರಿನ ಪಾತ್ರೆಗೆ ಬೇರೆ ಜಾಗ

ಬಾತು ಸಾಕುವವರು ಹಾಸಿಗೆ ಮಾಡುವ ಖರ್ಚಿನಲ್ಲಿ ಹೆಚ್ಚಿನ ಭಾಗ ನೀರಿನ ಪಾತ್ರೆಯ ಸುತ್ತಲೇ ಹಾಳಾಗುತ್ತದೆ. ಅಲ್ಲಿ ಹಾಸನ್ನೇ ಹಾಕಬಾರದು. ಅಗಲವಾದ, ಗೇಣಿಗಿಂತ ಕಡಿಮೆ ಆಳದ ಒಂದು ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಲೇಪದ ಗಟ್ಟಿ ಜಾಲರಿ ಬಿಗಿದು, ಅದರ ನಡುವೆ ನೀರಿನ ಪಾತ್ರೆ ಇಟ್ಟರೆ ಚೆಲ್ಲಿದ್ದೆಲ್ಲ ತೊಟ್ಟಿಗೆ ಬೀಳುತ್ತದೆ. ತೊಟ್ಟಿಗೆ ಒಂದು ಕೊಳವೆ ಜೋಡಿಸಿ ಹೊರಗಿನ ಗಿಡದ ಬುಡಕ್ಕೆ ಹರಿಯಬಿಟ್ಟರೆ ಇನ್ನೂ ಒಳ್ಳೆಯದು. ಪಾತ್ರೆ ಬಾತಿನ ಕೊಕ್ಕು ಮೂಗಿನ ಹೊಳ್ಳೆಯವರೆಗೆ ಮುಳುಗುವಷ್ಟು ಆಳವಿರಬೇಕು, ಆದರೆ ಹತ್ತಿ ಕೂರುವಷ್ಟು ಅಗಲವಿರಬಾರದು. ರಾತ್ರಿ ಗೂಡಿನೊಳಗೆ ನೀರು ಬೇಡವೆಂದು ನಿರ್ಧರಿಸಿದರೆ ಮೇವನ್ನೂ ತೆಗೆದುಬಿಡಬೇಕು, ಏಕೆಂದರೆ ನೀರಿಲ್ಲದೆ ಒಣ ಮೇವು ತಿಂದ ಬಾತಿಗೆ ಗಂಟಲು ಕಟ್ಟುತ್ತದೆ.

ಕೋಳಿ ಮತ್ತು ಬಾತು ಒಂದೇ ಗೂಡಿನಲ್ಲಿದ್ದರೆ ನೆಲವನ್ನು ವಿಭಾಗಿಸಿಕೊಳ್ಳುವುದು ಒಳ್ಳೆಯದು. ಕೋಳಿಗಳು ಕೂರುವ ಕೋಲಿನ ಕೆಳಗೆ ಹಿಕ್ಕೆ ಬೀಳಲು ಒಂದು ಹಲಗೆ, ಬಾತು ಮಲಗುವ ಮೂಲೆಗೆ ಎರಡು ಪದರದ ಹಾಸು, ಉಳಿದ ಕಡೆ ಚಕ್ಕೆ ಅಥವಾ ಭತ್ತದ ಹೊಟ್ಟು. ಕೋಲಿನ ಕೆಳಗೆ ಬಾತುಗಳು ಮಲಗದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಬೆಳಗ್ಗೆ ಅವುಗಳ ಬೆನ್ನ ಮೇಲೆ ಏನಿರುತ್ತದೆಂದು ಹೇಳಬೇಕಾಗಿಲ್ಲ.

ಏಳನೆಯ ಹೆಜ್ಜೆ: ದಿನನಿತ್ಯದ ಪರೀಕ್ಷೆ

ಹಾಸಿನ ಹದ ತಿಳಿಯಲು ಕೈಯೇ ಸಾಕು. ಕೈಗವಸು ಹಾಕಿಕೊಂಡು, ಮೇಲ್ಪದರವನ್ನು ಸರಿಸಿ, ಮಧ್ಯದ ಪದರದಿಂದ ಒಂದು ಹಿಡಿ ತೆಗೆದು ಬಲವಾಗಿ ಅದುಮಿ ಬೆರಳು ಬಿಡಿಸಬೇಕು. ಉಂಡೆಯಾಗಿ ಹಾಗೆಯೇ ನಿಂತರೆ ತೇವ ಹೆಚ್ಚಾಯಿತು. ಒಂದು ಕ್ಷಣ ಅಂಟಿಕೊಂಡು, ಅಲ್ಲಲ್ಲಿ ಬಿರಿದು, ಮೆಲ್ಲಗೆ ಉದುರಿದರೆ ಹದ ಸರಿಯಾಗಿದೆ, ಅಂದರೆ ತೇವಾಂಶ ಶೇಕಡಾ 20ರಿಂದ 30ರ ನಡುವೆ ಇದೆ. ಸ್ವಲ್ಪವೂ ಅಂಟದೆ ಬೆರಳ ಸಂದಿನಿಂದ ಸುರಿದು ಧೂಳೆದ್ದರೆ ತೀರ ಒಣಗಿದೆ. ನೀರಿನ ಪಾತ್ರೆಯ ಹತ್ತಿರ, ಕೋಲಿನ ಕೆಳಗೆ, ಗೋಡೆಯ ಮೂಲೆಯಲ್ಲಿ ಹೀಗೆ ಮೂರು ಕಡೆ ನೋಡಿದರೆ ಗೂಡಿನ ಸ್ಥಿತಿ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ಮೂಗಿನದು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ, ತೇವ ಮತ್ತು ಕಾವು ಹೆಚ್ಚಿದಷ್ಟೂ ಬೇಗ ಹುಟ್ಟುತ್ತದೆ. ಹಕ್ಕಿಗಳ ಗೂಡಿನಲ್ಲಿ ಅದು 25 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ) ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ. ಅದಕ್ಕಿಂತ ಹೆಚ್ಚಾದರೆ ಶ್ವಾಸನಾಳದ ಒಳಪದರ ಕೆಡುತ್ತದೆ, ಇನ್ನೂ ಹೆಚ್ಚಾದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೇ ಹುಣ್ಣಾಗುತ್ತದೆ. ಬೆಳಗ್ಗೆ ಬಾಗಿಲು ತೆರೆದ ತಕ್ಷಣ, ಗಾಳಿ ಬದಲಾಗುವ ಮೊದಲೇ, ಕುಕ್ಕರಗಾಲಿನಲ್ಲಿ ಕೂತು ಹಕ್ಕಿಯ ತಲೆಯ ಎತ್ತರದಲ್ಲಿ ಉಸಿರೆಳೆದುಕೊಳ್ಳಬೇಕು. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಮೂಗಿಗೆ ಹೊಡೆಯುತ್ತದೆ. ದಿನವೂ ಅದೇ ಗೂಡಿಗೆ ಹೋಗುವವರ ಮೂಗು ಒಗ್ಗಿಹೋಗುವುದರಿಂದ, ಅಪರೂಪಕ್ಕೆ ಬಂದ ನೆಂಟರು ಮುಖ ಕಿವುಚಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸುವಾಸನೆಯ ಎಲೆಗಳನ್ನು ಗೂಡಿನಲ್ಲಿ ತೂಗುಹಾಕುವವರಿದ್ದಾರೆ. ಅದರಿಂದ ಘಾಟು ಮರೆಯಾಗುತ್ತದೆ, ಅಮೋನಿಯಾ ಹಾಗೆಯೇ ಇರುತ್ತದೆ.

ಮೂರನೆಯದಾಗಿ ಕಾಲು. ತಿಂಗಳಿಗೊಮ್ಮೆಯಾದರೂ ಹಕ್ಕಿಯನ್ನು ಹಿಡಿದು ಅಂಗಾಲು ತಿರುಗಿಸಿ ನೋಡಬೇಕು. ಕಪ್ಪು ಹೆಕ್ಕಳಿಕೆ, ಊತ, ಬಿಸಿ ಕಂಡುಬಂದರೆ ಹಾಸು ಒದ್ದೆಯಾಗಿದೆ ಅಥವಾ ತೀರ ಗಡುಸಾಗಿದೆ ಎಂದರ್ಥ. ಗಾಯದ ಮೂಲಕ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಬಾವು ಆಗುತ್ತದೆ, ಭಾರದ ಬಾತುಗಳಲ್ಲಿ ಇದು ಹೆಚ್ಚು.

ಒದ್ದೆಯಾದ ಜಾಗ ಸಿಕ್ಕರೆ ಅದರ ಮೇಲೆ ಹೊಸ ಹಾಸು ಎರಚಿ ಮುಚ್ಚಬಾರದು. ಹೆಂಟೆಯನ್ನು ಅಡಿಯವರೆಗೆ ಎತ್ತಿ ಹೊರಹಾಕಿ, ನೆಲ ಒಣಗಲು ಬಿಟ್ಟು, ಆಮೇಲೆ ಹೊಸದನ್ನು ತುಂಬಬೇಕು. ಒದ್ದೆ ಮತ್ತು ಕಾವು ಕೂಡಿದ ಕಡೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿಯ ಕೋಶಗಳು ಒಂದೆರಡು ದಿನಗಳಲ್ಲಿಯೇ ಸೋಂಕು ತಗುಲಿಸುವಷ್ಟು ಬಲಿಯುತ್ತವೆ. ವಾಸನೆಗೆ ಅರಳಿಸಿದ ಸುಣ್ಣ ಎರಚುವುದು ಹಳೆಯ ರೂಢಿ. ಸುಣ್ಣ ತೇವವನ್ನು ಸ್ವಲ್ಪ ಹೀರುತ್ತದೆ ನಿಜ, ಆದರೆ ಹಾಸಿನ ಕ್ಷಾರತೆಯನ್ನು ಏರಿಸಿ ಅದರಲ್ಲಿದ್ದ ಅಮೋನಿಯಾವನ್ನು ಗಾಳಿಗೆ ಬಿಡುತ್ತದೆ, ಬಾತಿನ ಒದ್ದೆ ಪಾದವನ್ನು ಸುಡುತ್ತದೆ. ಖಾಲಿ ಗೂಡು ತೊಳೆದ ಮೇಲೆ ನೆಲಕ್ಕೆ ಬಳಿಯುವುದಕ್ಕೆ ಮಾತ್ರ ಅದು ಯೋಗ್ಯವೆಂಬುದು ನನ್ನ ಅಭಿಪ್ರಾಯ.

ಎಂಟನೆಯ ಹೆಜ್ಜೆ: ಆಳ ಹಾಸು ಯಾರಿಗೆ ಹೊಂದುತ್ತದೆ

ಡೀಪ್ ಲಿಟರ್ ಎಂದು ಕರೆಯುವ ಪದ್ಧತಿಯಲ್ಲಿ ಹಾಸನ್ನು ತೆಗೆಯದೆ, 10ರಿಂದ 15 ಸೆಂ.ಮೀ. ದಪ್ಪದಿಂದ ಆರಂಭಿಸಿ, ಆಗಾಗ ಹೊಸದನ್ನು ಸೇರಿಸುತ್ತಾ 25 ಸೆಂ.ಮೀ. ಮೀರುವವರೆಗೆ ಬೆಳೆಸುತ್ತಾರೆ. ಹಿಕ್ಕೆಯ ಸಾರಜನಕವನ್ನು ಹಾಸಿನ ಇಂಗಾಲ ಕಟ್ಟಿಹಾಕುತ್ತದೆ, ಸೂಕ್ಷ್ಮಜೀವಿಗಳು ಎರಡನ್ನೂ ನಿಧಾನವಾಗಿ ಕಳಿಯುವಂತೆ ಮಾಡುತ್ತವೆ, ಆ ಕೆಲಸದಲ್ಲಿ ಬಿ12 ಜೀವಸತ್ವವನ್ನೂ ತಯಾರಿಸುತ್ತವೆ. ಇದು ನಡೆಯಬೇಕಾದರೆ ಹಾಸು ಸದಾ ಸಡಿಲವಾಗಿರಬೇಕು. ಸಂಜೆ ಒಂದು ಹಿಡಿ ಕಾಳು ಎರಚಿದರೆ ಕೋಳಿಗಳೇ ಅದನ್ನು ತಿರುವಿಹಾಕುತ್ತವೆ. ಚಕ್ಕೆ ಮತ್ತು ಕತ್ತರಿಸಿದ ಹುಲ್ಲಿನ ಮಿಶ್ರಣ ಇದಕ್ಕೆ ಚೆನ್ನಾಗಿ ಒದಗುತ್ತದೆ, ಮರಳು ಸ್ವಲ್ಪವೂ ಆಗದು. ಬಾತುಗಳೇ ಇರುವ ಗೂಡಿನಲ್ಲಿ ತಿರುವಿಹಾಕುವ ಕಾಲುಗಳಿಲ್ಲ, ಆದ್ದರಿಂದ ಆಳ ಹಾಸು ಬೇಕೆಂದರೆ ಹಲ್ಲುಗಳಿರುವ ಸಲಿಕೆ ಹಿಡಿದು ಆ ಕೆಲಸವನ್ನು ನಾವೇ ವಾರಕ್ಕೆರಡು ಬಾರಿ ಮಾಡಬೇಕು. ಅದಕ್ಕೆ ಬಿಡುವಿಲ್ಲದವರು ದಿನವೂ ಮೇಲೆ ಹೊಸ ಹುಲ್ಲು ಹಾಕಿ, ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡುವುದು ಸುರಕ್ಷಿತ. ಕೊಳೆತ ಹಾಸಿನಲ್ಲಿ ಹುಳು ಕಂಡರೆ ತಡಮಾಡಬಾರದು, ಬಾಟುಲಿಸಂ ವಿಷ ಸೇರಿದ ಹುಳುಗಳನ್ನು ತಿಂದ ಹಕ್ಕಿಯ ಕತ್ತು ಜೋತುಬಿದ್ದು ಸಾಯುತ್ತದೆ.

ಮರಿಗಳು ಮತ್ತು ಮೊಟ್ಟೆಯ ಪೆಟ್ಟಿಗೆ

ಮರಿಗಳಿಗೆ ವೃತ್ತಪತ್ರಿಕೆಯನ್ನು ನೇರವಾಗಿ ಹಾಸಬಾರದು, ಜಾರುವ ನೆಲದಲ್ಲಿ ಕಾಲುಗಳು ಅಗಲಿಸಿ ಹೋಗಿ ಹಾಗೆಯೇ ನಿಂತುಬಿಡುತ್ತವೆ. ಮೊದಲ ಎರಡು ಮೂರು ದಿನ 5 ಸೆಂ.ಮೀ. ಚಕ್ಕೆಯ ಮೇಲೆ ಒರಟು ಬಟ್ಟೆ ಹೊದಿಸಿ, ಮರಿ ಮೇವನ್ನು ಗುರುತಿಸಲು ಕಲಿತ ಮೇಲೆ ಬಟ್ಟೆ ತೆಗೆಯಬಹುದು. ಬಾತುಮರಿಗಳನ್ನು ಕೋಳಿಮರಿಗಳ ಜೊತೆ ಇಡಬಾರದು, ಅವು ಮಾಡುವ ಒದ್ದೆಗೆ ಕೋಳಿಮರಿಗಳು ಚಳಿ ಹಿಡಿದು ಸೊರಗುತ್ತವೆ.

ಮೊಟ್ಟೆಯಿಡುವ ಪೆಟ್ಟಿಗೆಗೆ ಚಕ್ಕೆ ಅಥವಾ ಕತ್ತರಿಸಿದ ಹುಲ್ಲು ಸಾಕು. ಬಾತುಗಳು ಹೆಚ್ಚಾಗಿ ಬೆಳಗಿನ ಜಾವ ನೆಲದಲ್ಲೇ ಮೊಟ್ಟೆಯಿಟ್ಟು ಹಾಸಿನೊಳಗೆ ಮುಚ್ಚಿಡುವುದರಿಂದ, ಕತ್ತಲಿನ ಮೂಲೆಯೊಂದರಲ್ಲಿ ದಪ್ಪ ಹುಲ್ಲು ಹಾಕಿ ಸಂಜೆ ಅದನ್ನು ಮಾತ್ರ ಬದಲಾಯಿಸಿದರೂ ಮೊಟ್ಟೆಗಳು ಸ್ವಚ್ಛವಾಗಿ ಸಿಗುತ್ತವೆ.

ಕೊನೆಯ ಹೆಜ್ಜೆ: ಖಾಲಿ ಮಾಡುವುದು ಮತ್ತು ಗೊಬ್ಬರ ಮಾಡುವುದು

ಹಳೆಯ ಹಾಸನ್ನು ತೆಗೆಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ, ತೀರ ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳೇಳುವುದಿಲ್ಲ. ತೆಗೆದ ಹಾಸನ್ನು ಗೊಬ್ಬರಕ್ಕೆಂದು ರಾಶಿ ಹಾಕಿದಾಗ, ಅದರಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ ಒಂದರಂತಿದ್ದರೆ ರಾಶಿ ಚೆನ್ನಾಗಿ ಕಾವೇರುತ್ತದೆ. ಗರಗಸದ ಹೊಟ್ಟಿನಲ್ಲಿ ಇಂಗಾಲ ವಿಪರೀತ ಹೆಚ್ಚಿರುವುದರಿಂದ ಅದು ಕಳಿಯಲು ತಡವಾಗುತ್ತದೆ, ಭತ್ತದ ಹೊಟ್ಟು ಇನ್ನೂ ನಿಧಾನ, ಹುಲ್ಲು ಬೇಗ. ಬಾತುಗೂಡಿನ ಹುಲ್ಲು ತೇವವನ್ನೂ ಹಿಕ್ಕೆಯನ್ನೂ ಹೊತ್ತು ಬರುವುದರಿಂದ ಬೇರೇನೂ ಸೇರಿಸದೆ ಕಾವೇರುವುದುಂಟು. ರಾಶಿಯ ನಡುವಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ಉಳಿಯುವಂತೆ, ಹೊರಗಿನದು ಒಳಗೆ ಬರುವಂತೆ ಮಗುಚುತ್ತಿರಬೇಕು. ಪೂರ್ತಿ ಕಳಿಯದ ಹಾಸನ್ನು ನೆಲಕ್ಕೆ ತಾಗುವ ತರಕಾರಿಗಳ ಪಾತಿಗೆ ಹಾಕಿದರೆ ಕೊಯ್ಲಿಗೆ ಮುನ್ನ ಕನಿಷ್ಠ ನಾಲ್ಕು ತಿಂಗಳು ಕಳೆದಿರಬೇಕು.

ಹೊರಗಿನಿಂದ ತಂದ ಹುಲ್ಲು ಬಳಸಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅಮಿನೋಪೈರಾಲಿಡ್‌ನಂಥ ಕಳೆನಾಶಕಗಳು ಹುಲ್ಲಿನಲ್ಲಿ ಉಳಿದು, ಗೊಬ್ಬರವಾದ ಮೇಲೂ ಟೊಮೆಟೊ, ಹುರುಳಿಕಾಯಿ, ಬಟಾಣಿ ಗಿಡಗಳನ್ನು ಮುರುಟಿಸುತ್ತವೆ. ಗೊಬ್ಬರವನ್ನು ಅಷ್ಟೇ ಮಣ್ಣಿನೊಡನೆ ಬೆರೆಸಿ ಒಂದು ಕುಂಡಕ್ಕೆ ತುಂಬಿ, ಬರಿಯ ಮಣ್ಣನ್ನು ಇನ್ನೊಂದಕ್ಕೆ ತುಂಬಿ, ಎರಡರಲ್ಲೂ ನಾಲ್ಕೈದು ಹುರುಳಿಕಾಯಿ ಬೀಜ ಊರಬೇಕು. ಮೂರು ವಾರದ ಹೊತ್ತಿಗೆ ಗೊಬ್ಬರದ ಕುಂಡದ ಎಲೆಗಳು ಬಟ್ಟಲಿನಂತೆ ಮಡಚಿಕೊಂಡಿದ್ದು, ಬರಿಯ ಮಣ್ಣು ತುಂಬಿದ ಕುಂಡದವು ಸರಿಯಾಗಿದ್ದರೆ ಆ ಗೊಬ್ಬರ ತರಕಾರಿ ಪಾತಿಗೆ ಬೇಡ, ಹುಲ್ಲುಗಾವಲಿಗೆ ಹಾಕಬಹುದು.